ಇಲ್ಲಿ ನಿಮ್ಮ ಕಷ್ಟ ಬರೆಯಿರಿ

ಫ್ಯಾಕ್ಟರಿ ಕ್ವಾರ್ಟರ್ಸ್, ಮನೆ ನಂಬರ್ ಹದಿನೇಳು
ಭಾನುವಾರ, ಮಾರ್ಚ್ 9

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೂಗಿನ ಆಕ್ಸಿಜನ್ ಪೈಪ್ ಕಿತ್ತು ಹಾಕಿ ನರ್ಸಮ್ಮನ ಹತ್ರ ಬೈಸಿಕೊಂಡ್ರಂತೆ, ಸುದ್ದಿ ಬಂತು. ಕಿಟಕಿ ತೆಗೆಯೋದು ಮುಚ್ಚೋದು ಅಂತ ಪಕ್ಕದ ಹಾಸಿಗೆಯವರ ಜೊತೆ ಜಗಳ ಆಡಬೇಡಿ, ಅಲ್ಲಿ ನೀವು ಮೇಸ್ತ್ರಿ ಅಲ್ಲ. ಅಮ್ಮ ಚೆನ್ನಾಗಿದ್ದಾಳೆ. ನೀವು ಕೆಮ್ಮೋ ಸದ್ದಿಲ್ಲದೆ ನಿದ್ದೇನೇ ಬರಲ್ಲ ಅಂತಾಳೆ. ಬಾಗಿಲಲ್ಲಿರೋ ನಿಮ್ಮ ಚಪ್ಪಲಿ ಒಳಗಿಡೋಕೆ ಬಿಡಲ್ಲ.

ಈಗ ವಿಷಯ. ಬೇರೆಯವರ ಬಾಯಿಂದ ಕೇಳೋ ಮೊದಲು ನಾನೇ ಹೇಳಿಬಿಡ್ತೀನಿ, ಪೂರ್ತಿ ಓದಿದ ಮೇಲೆ ಬೈಯಿರಿ. ಸರ್ಕಾರ ಸಿಗರೇಟಿನ ಮೇಲೆ ಮತ್ತೆ ತೆರಿಗೆ ಏರಿಸಿದೆ. ಬೆಲೆ ಏರಿದ್ರೆ ಜನ ಸೇದೋದು ಕಮ್ಮಿ ಮಾಡ್ತಾರೆ ಅಂತ. ನಮ್ಮ ಫ್ಯಾಕ್ಟರೀಲೇ ಅದು ನಿಜ ಆಯ್ತು ನೋಡಿ! ಖರ್ಚು ಉಳಿಸೋಕೆ ಅಂತ ಕಂಪನಿ ನಮ್ಮ ಶನಿವಾರದ ಬಿಟ್ಟಿ ಸಿಗರೇಟ್ ಪ್ಯಾಕೆಟ್ ನಿಲ್ಲಿಸ್ತು. ಬಾಯ್ಲರ್ ಮಾಮ ಮೂರು ದಿನ ಎಲ್ಲರ ಮೇಲೂ ಹರಿಹಾಯ್ದ, ನಾಲ್ಕನೇ ದಿನದಿಂದ ಲವಂಗ ಜಗೀತಾ ಓಡಾಡ್ತಿದ್ದಾನೆ.

ಹೋದ ವಾರ ಇಸ್ತ್ರಿ ಮ್ಯಾನೇಜರ್ (ಅಂಗಿಯ ಗೆರೆ ಕೆಡುತ್ತೆ ಅಂತ ಕೂರೋದೇ ಇಲ್ವಲ್ಲ, ಅವರೇ) ನಮ್ಮ ಪ್ಯಾಕಿಂಗ್ ಲೈನ್ ನಿಲ್ಲಿಸಿ ಒಂದು ಮಾದರಿ ಪತ್ರ ಹಂಚಿದ್ರು. ತೆರಿಗೆ ಇಳಿಸಿ, ಇಲ್ಲಾಂದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂತ ಪ್ರತಿಯೊಬ್ಬರೂ ಮಂತ್ರಿಗಳಿಗೆ ಕೈಯಾರೆ ಬರೀಬೇಕಂತೆ. ನಮ್ಮ ಲೈನಿನ ಹೆಂಗಸರ ಶಿಸ್ತು ನಿಮಗೆ ಗೊತ್ತಲ್ಲ, ಪ್ಯಾಕೆಟ್ ಮೇಲೆ ಏನಿರಬೇಕೋ ಅದನ್ನ ಒಂದಕ್ಷರ ಬಿಡದೆ ತಾಳೆ ನೋಡೋದೇ ಅವರ ಕೆಲಸ. ಹಾಗೇ ಬರೆದ್ರು. ಮಧ್ಯದಲ್ಲಿ 'ಇಲ್ಲಿ ನಿಮ್ಮ ಕಷ್ಟ ಬರೆಯಿರಿ' ಅಂತ ಇತ್ತು, ಅದನ್ನೂ ಬರೆದ್ರು! ಮೂವತ್ತೊಂಬತ್ತು ಪತ್ರ, ಒಂದೊಂದರಲ್ಲೂ ಮಂತ್ರಿಗಳಿಗೇ ನಿಮ್ಮ ಕಷ್ಟ ಬರೆಯಿರಿ ಅಂತ ಆಜ್ಞೆ. ನಕ್ಕೂ ನಕ್ಕೂ ನನಗೆ ಸಾಕಾಯ್ತು. ಮ್ಯಾನೇಜರ್ ಮುಖ ಹುಳ್ಳಗೆ ಮಾಡ್ಕೊಂಡು, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಎಲ್ಲಾನೂ ಸರಿಯಾಗಿ ಬರೆದುಕೊಡು ಅಂದ್ರು.

ಅವರವರು ಹೇಳಿದ್ದನ್ನ ಹೇಳಿದ ಹಾಗೇ ಬರೆದುಕೊಟ್ಟೆ. ಮನೆ ಬಾಡಿಗೆ, ಮಕ್ಕಳ ಸ್ಕೂಲು. ಅವರ ಭಯ ಸುಳ್ಳಲ್ಲ. ಕೊನೇದು ನನ್ನ ಪತ್ರ. ಅದರಲ್ಲಿ ಏನು ಬರೆದೆ ಗೊತ್ತಾ? ನನ್ನ ಅಪ್ಪ ಈ ಫ್ಯಾಕ್ಟರೀಲಿ ಮೂವತ್ತೊಂದು ವರ್ಷ ದುಡಿದ್ರು. ಶನಿವಾರ ಶನಿವಾರ ಪ್ಯಾಕೆಟ್ ಮನೆಗೆ ಬಂತು, ಬಿಸಾಡೋಕೆ ಮನಸ್ಸು ಬರದೆ ಸೇದಿದ್ರು. ಈಗ ಆರು ಮೆಟ್ಟಿಲು ಹತ್ತೋಕೆ ಆಗಲ್ಲ. ತೆರಿಗೆ ಇಳಿಸಬೇಡಿ, ಇನ್ನೂ ಏರಿಸಿ. ಇದೇ ನನ್ನ ಕಷ್ಟ. ಕೆಳಗೆ ಹೆಸರು, ಟೋಕನ್ ನಂಬರ್ ಎರಡೂ ಹಾಕಿ ಪೋಸ್ಟ್ ಮಾಡಿದೆ. ಒಂದು ನಕಲು ಮ್ಯಾನೇಜರ್ ಮೇಜಿನ ಮೇಲೂ ಇಟ್ಟೆ. ಕದ್ದುಮುಚ್ಚಿ ಮಾಡೋದು ನನಗೆ ಒಗ್ಗಲ್ಲ.

ಅನ್ನ ಕೊಟ್ಟ ಕಂಪನಿ ಅಂತ ನೀವು ಅನ್ನೋದು ನನಗೆ ಬಾಯಿಪಾಠ. ಆ ಅನ್ನ ನೀವು ಬೆವರು ಸುರಿಸಿ ತಂದಿದ್ದು ಕಣಪ್ಪಾ. ಅವರು ಪುಕ್ಕಟೆ ಕೊಟ್ಟಿದ್ದು ಆ ಪ್ಯಾಕೆಟ್ ಒಂದೇ. ಆ ಪತ್ರಕ್ಕೇ ಶುಕ್ರವಾರ ನನ್ನ ಮೇಲೆ ವಿಚಾರಣೆ ಇದೆ. ತಪ್ಪಾಯ್ತು ಅಂತ ಬರೆದುಕೊಟ್ರೆ ಕೆಲಸ ಉಳಿಯುತ್ತಂತೆ. ಕೆಲಸ ಹೋದ್ರೆ ಈ ಮನೆಯೂ ಹೋಗುತ್ತೆ. ಭಯ ಇದೆ. ಆದ್ರೂ ಬರೆದುಕೊಡಲ್ಲ, ಏನಾದ್ರೂ ಮಾಡ್ಕೊಳ್ಳಲಿ. ಅಮ್ಮ ನನ್ನನ್ನ ಬೈತಾನೇ ಪಾತ್ರೆ ತುಂಬೋಕೆ ಗೋಣಿಚೀಲ ಹುಡುಕ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಆಶೀರ್ವಾದ ಬೇಕು, ಬೈಗುಳದ ಜೊತೆ ಸೇರಿಸಿ ಕಳಿಸಿದ್ರೂ ಪರವಾಗಿಲ್ಲ.

ನಿಮ್ಮ ಹಟಮಾರಿ ಮಗಳು

ಇನ್ನೊಂದು ಮಾತು: ಲಕೋಟೆ ಅಂಟಿಸ್ತಿದ್ದೆ, ಆಫೀಸಿನ ಟೈಪಿಸ್ಟ್ ಅಕ್ಕ ಓಡಿ ಬಂದ್ಲು. ಬುಧವಾರ ಮ್ಯಾನೇಜರ್ ನಿಮ್ಮನ್ನ ನೋಡೋಕೆ ಆಸ್ಪತ್ರೆಗೇ ಬರ್ತಾರಂತೆ. ಅದಕ್ಕೇ ಇದನ್ನ ನಾಳೆ ಬೆಳಗಿನ ಬಸ್ಸಲ್ಲೇ ಕಳಿಸ್ತಿದ್ದೀನಿ. 'ನನ್ನ ಕಾಯಿಲೆಗೂ ಸಿಗರೇಟಿಗೂ ಸಂಬಂಧ ಇಲ್ಲ, ಮಗಳು ಬರೆದಿದ್ದು ಸುಳ್ಳು' ಅಂತ ಕಾಗದ ಟೈಪ್ ಆಗಿದೆ, ನಿಮ್ಮ ಸಹಿ ಒಂದು ಬಾಕಿ. ಮೇಸ್ತ್ರೀ ಅಂತ ಬಾಯ್ತುಂಬ ಕರೀತಾರೆ, ಹಣ್ಣು ತರ್ತಾರೆ. ಅಪ್ಪಾ, ಹಣ್ಣು ಇಸ್ಕೊಳ್ಳಿ. ಪೆನ್ನು ಮುಟ್ಟಬೇಡಿ.