ಆರೋಗ್ಯವಂತ ಮಕ್ಕಳ ಪಟ್ಟಿ

ಆಸ್ಪತ್ರೆ, ಉಸಿರು ಪರೀಕ್ಷೆಯ ಕೋಣೆ
ಹದಿನಾಲ್ಕನೇ ತಾರೀಖು, ಶನಿವಾರ, ಊಟದ ಬಿಡುವು

ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಭಾವನಿಗೆ ಬಿಪಿ ಮಾತ್ರೆ ಬದಲಾಯಿಸಿದರು ಅಂದಿದ್ದೆಯಲ್ಲ, ಹೊಸದು ಒಗ್ಗಿತೇ? ಮೀನನ್ನು ಕೇಳಿದೆ ಎಂದು ಹೇಳು. ಹದಿನೈದು ತುಂಬಿದ ಮಗನನ್ನು ಇನ್ನೂ ಮೀನು ಎಂದು ಕರೆದರೆ ಅವನಿಗೆ ನಾಚಿಕೆಯಾಗುತ್ತದೋ ಏನೋ, ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಈಗ ಬರೆಯಹೊರಟಿರುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಈ ವಾರ ನಾಲ್ಕು ಸಲ ಮಾಡಿದೆ. ನೀನು "ಏನೇ, ಊಟ ಆಯ್ತಾ?" ಎಂದ ಕೂಡಲೇ ಏನೇನೋ ಹರಟಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಈ ವರ್ಷವಿಡೀ ನನಗೆ ಸಿಕ್ಕ ಕೆಲಸ ಏನು ಗೊತ್ತೇ? ಯಾವ ಕಾಯಿಲೆಯೂ ಇಲ್ಲದ ಮಕ್ಕಳನ್ನು ಪರೀಕ್ಷೆ ಮಾಡುವುದು. ನಗಬೇಡ. ಹನ್ನೊಂದು ಶಾಲೆ ಸುತ್ತಿ ನಾನೂರ ಮೂವತ್ತು ಮಕ್ಕಳನ್ನು ಅಳೆದಿದ್ದೇನೆ. ಕೆಮ್ಮಿರಬಾರದು, ದಮ್ಮಿರಬಾರದು, ಅಪ್ಪ ಅಮ್ಮನ ರುಜು ಇರಬೇಕು. ಚಪ್ಪಲಿ ಬಿಚ್ಚಿಸಿ ಎತ್ತರ, ತೂಕ ನೋಡಿ, ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಡುತ್ತೇನೆ. ಎದೆಯಲ್ಲಿರುವ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಮುಚ್ಚಿದ ಕೊಳವೆಯಿಂದ ಇದ್ದ ಬಲವನ್ನೆಲ್ಲ ಹಾಕಿ ಉಸಿರು ಎಳೆಯಬೇಕು. ಉಸಿರಾಡಿಸುವ ಸ್ನಾಯುಗಳಿಗೆ ಎಷ್ಟು ಕಸುವಿದೆ ಎಂದು ಅಂಗೈಯಗಲದ ಪೆಟ್ಟಿಗೆಯ ಮೇಲೆ ಅಂಕಿ ಬರುತ್ತದೆ. "ಎಳಿ, ಎಳಿ, ಬಿಡ್ಬೇಡ, ಇನ್ನೂ ಇನ್ನೂ" ಎಂದು ಕೂಗಿ ಕೂಗಿ ಸಂಜೆಗೆ ನನ್ನ ಗಂಟಲೇ ಕೂತುಹೋಗುತ್ತದೆ. ಮೂರನೇ ಕ್ಲಾಸಿನ ಒಬ್ಬಳು ಮುಖ ಕೆಂಪಗೆ ಮಾಡಿಕೊಂಡು ಎಳೆದು, "ಆಂಟಿ, ನಾನು ಪಾಸಾ ಫೇಲಾ?" ಎಂದಳು. "ಇದ್ರಲ್ಲಿ ಫೇಲ್ ಅನ್ನೋದೇ ಇಲ್ಲ ಪುಟ್ಟಿ" ಎಂದೆ. ಹೇಗೆ ಹೇಳಿದೆನೋ.

ಈ ಉಸಾಬರಿಯೆಲ್ಲ ಯಾಕೆಂದರೆ, ಯಾವ ವಯಸ್ಸಿಗೆ ಎಷ್ಟು ಬಂದರೆ ಸರಿ ಎಂದು ಹೇಳುವ ನಮ್ಮ ಹಳೆಯ ಪಟ್ಟಿ ಇಲ್ಲಿಯ ಮಕ್ಕಳನ್ನು ಅಳೆದು ಮಾಡಿದ್ದಲ್ಲ. ಎಲ್ಲೋ ದೂರದ, ನಮ್ಮವರಿಗಿಂತ ಗೇಣುದ್ದ ಎತ್ತರದ, ಮೈಕೈ ತುಂಬಿಕೊಂಡ ಮಕ್ಕಳದು. ಅದೇ ಪಟ್ಟಿ ಇಪ್ಪತ್ತು ವರ್ಷ ಇಲ್ಲಿ ಗೋಡೆಗೆ ಅಂಟಿಕೊಂಡಿತ್ತು. ನಮ್ಮ ಮಕ್ಕಳಿಗೆ ನಮ್ಮದೇ ಪಟ್ಟಿ ಬೇಕು ಎಂದು ದೊಡ್ಡ ಡಾಕ್ಟರು ಈಗ ಎಚ್ಚೆತ್ತರು.

ಆರು ವರ್ಷದ ಹಿಂದಿನದು ನಿನಗೆ ನಾನು ನೆನಪಿಸಬೇಕಾಗಿಲ್ಲ. ಈಜುಕೊಳದ ಮಾಸ್ತರರು ಮೀನನ್ನು ಸ್ಪರ್ಧೆಗೆ ಕಳಿಸುವ ಮುಂಚೆ ಆರೋಗ್ಯದ ಸರ್ಟಿಫಿಕೇಟು ಕೇಳಿದರು. "ಯಾರ್ಯಾರ ಹತ್ರನೋ ಯಾಕೆ ಹೋಗ್ತೀಯ, ನಾನಿಲ್ವಾ" ಎಂದವಳು ನಾನೇ. ಹೊಸ ಪೆಟ್ಟಿಗೆ ಬಂದಿತ್ತು, ಅಕ್ಕನ ಮಗನಿಗೆ ತೋರಿಸುವ ಜಂಬ. ಒಂಬತ್ತು ವರ್ಷದ ಹುಡುಗನಿಗೆ ಐವತ್ತೆರಡು ಬಂತು. ಪಟ್ಟಿ ತೊಂಬತ್ತು ಇರಬೇಕು ಎನ್ನುತ್ತಿತ್ತು. ಡಾಕ್ಟರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಸ್ನಾಯುಗಳ ಕಾಯಿಲೆ ಇರಬಹುದು ಎಂದರು. ತೊಡೆಯಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಏನೂ ಸಿಗದಿದ್ದಾಗ ಖುಷಿಪಡುವ ಬದಲು "ಕಾರಣ ತಿಳಿಯದ ದುರ್ಬಲತೆ" ಎಂದು ಬರೆದರು. ಈಜು ನಿಂತಿತು, ಓಟ ನಿಂತಿತು. ನೀನು ಹದಿನಾಲ್ಕು ವರ್ಷದ ಟೀಚರ್ ಕೆಲಸ ಬಿಟ್ಟೆ. ದೊಡ್ಡ ಆಸ್ಪತ್ರೆ ಹತ್ತಿರವಿರಲಿ ಎಂದು ಊರನ್ನೇ ಬಿಟ್ಟಿರಿ. ಇನ್ನೊಂದಕ್ಕೂ ಹೀಗೇ ಆದರೆ ಎಂಬ ಹೆದರಿಕೆಗೆ ಎರಡನೇ ಮಗುವಿನ ಮಾತೇ ಬೇಡ ಎಂದು ಭಾವ ಹೇಳಿದಾಗ, ನೀನು ನನ್ನ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದೆ.

ಹೋದ ಶುಕ್ರವಾರ ಹೊಸ ಪಟ್ಟಿ ತಯಾರಾಯಿತು. ಒಂಬತ್ತು ವರ್ಷದ ಗಂಡುಮಕ್ಕಳ ಸಾಲಿನ ಮೇಲೆ ಬೆರಳಿಟ್ಟೆ. ನಲವತ್ತೈದರಿಂದ ಎಂಬತ್ತೈದರವರೆಗೆ ಎಲ್ಲವೂ ಸರಿಯಂತೆ. ಐವತ್ತು ಬಂದವನೊಬ್ಬ ಪರೀಕ್ಷೆಯ ದಿನವೇ ಶಾಲೆಯ ಓಟದಲ್ಲಿ ಮೊದಲು ಬಂದಿದ್ದ, ಪದಕ ಕುತ್ತಿಗೆಯಲ್ಲಿ ಹಾಕಿಕೊಂಡೇ ನನ್ನೆದುರು ಕೂತಿದ್ದ. ನಮ್ಮ ಮೀನಿಗೆ ಏನೂ ಆಗಿರಲಿಲ್ಲ ಅಕ್ಕಾ. ಆಮೇಲೆ ನೀವು ಅಲೆದ ಆಸ್ಪತ್ರೆಗಳಲ್ಲೂ ಅದೇ ಹಳೆಯ ಪಟ್ಟಿ. ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತುವುದನ್ನೂ ಬಿಡಿಸಿ ಕೂರಿಸಿದ ಮಗುವಿನ ಅಂಕಿ ಎಲ್ಲಿಂದ ಏರಬೇಕು? ಇಲ್ಲದ ಕಾಯಿಲೆಯನ್ನು ನಾವೆಲ್ಲ ಸೇರಿ ಸಾಕಿದೆವು.

ಡಾಕ್ಟರ ಬಳಿ ಹೋದೆ. ಹಳೆಯ ಪಟ್ಟಿಯಿಂದ ಅಳೆದ ಮಕ್ಕಳ ಮನೆಗಳಿಗೆ ತಿಳಿಸಬೇಡವೇ ಎಂದೆ. ಕನ್ನಡಕ ಒರೆಸಿಕೊಳ್ಳುತ್ತಾ, "ಆಗ ಇದ್ದಿದ್ದು ಅದೇ ಪಟ್ಟಿ, ಅದರ ಪ್ರಕಾರ ನಾವು ಮಾಡಿದ್ದು ಸರಿನೇ. ಹಳೇ ಫೈಲ್ ಕೆದಕ್ಬೇಡಿ" ಎಂದರು. ಹೊರಗೆ ಬಂದಾಗ ಎಲ್ಲರಿಗೂ ಸಿಹಿ ಹಂಚುತ್ತಿದ್ದರು, ಪಟ್ಟಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗುತ್ತದಂತೆ. ನನಗೂ ಒಂದು ತುಂಡು ಕೊಟ್ಟರು. ತಿಂದೆ. ಏನು ಮಾಡಲಿ, ಕೈಗೆ ಕೊಟ್ಟಿದ್ದರು.

ನೀನು ಒಂದು ದಿನವಾದರೂ ನನ್ನನ್ನು ಬೈದಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು. "ನೀನಿಲ್ದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ ಕಣೆ, ನೀರಲ್ಲೇ ಏನಾದ್ರೂ ಆಗಿದ್ರೆ?" ಎಂದು ಕಂಡವರ ಮುಂದೆಲ್ಲ ನನ್ನ ಕೈ ಹಿಡಿದು ಹೇಳುತ್ತೀಯಲ್ಲ, ಅದನ್ನು ಇನ್ನು ನಿಲ್ಲಿಸು. ಹೊಸ ಪಟ್ಟಿಯ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಈಗ ನೋಡುತ್ತಿರುವ ಡಾಕ್ಟರಿಗೆ ತೋರಿಸಿ, ಎಲ್ಲ ಪರೀಕ್ಷೆಯನ್ನೂ ಮೊದಲಿಂದ ಮಾಡಿಸು. ಅವನನ್ನು ಏಕಾಏಕಿ ಓಡಿಸಬೇಡ, ಮೊದಲು ನಡೆಯಲಿ. ಭಾವನಿಗೆ ನಮಸ್ಕಾರ ಹೇಳು, ಅವರು ಅದನ್ನು ತೆಗೆದುಕೊಳ್ಳುವುದಾದರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ತಂಗಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ತಪ್ಪೆಲ್ಲ ಪಟ್ಟಿಯದು ಎಂದು ನೀನು ಅಂದುಕೊಳ್ಳುತ್ತೀಯ. ಒಂದು ವಾರ ನಾನೂ ಹಾಗೇ ಅಂದುಕೊಂಡು ಓಡಾಡಿದೆ. ನಿಯಮದ ಪ್ರಕಾರ, ಅಂಕಿ ಏರುವುದು ನಿಂತು ಮೂರು ಸಲ ಹತ್ತಿರ ಹತ್ತಿರ ಬರುವವರೆಗೂ ಮಗುವಿನಿಂದ ಎಳೆಸುತ್ತಲೇ ಇರಬೇಕು. ಮೊದಲ ಸಲ ಮಕ್ಕಳು ಹೆದರಿ ಅರ್ಧ ಬಲವನ್ನೂ ಹಾಕುವುದಿಲ್ಲ. ಅವತ್ತು ಮೀನಿಗೆ ಮೊದಲು ಮೂವತ್ತೆಂಟು ಬಂತು, ಎರಡನೇ ಸಲ ಐವತ್ತೆರಡು. "ಚಿಕ್ಕಮ್ಮಾ, ಇನ್ನೊಂದ್ಸಲ, ಈಗ ಹೆಂಗೆ ಅಂತ ಗೊತ್ತಾಯ್ತು" ಎಂದ. ಹೊರಗೆ ನಮ್ಮ ನರ್ಸೊಬ್ಬಳ ಬೀಳ್ಕೊಡುಗೆಯ ಫೋಟೋಗೆ ಎಲ್ಲರೂ ನಿಂತು ನನ್ನನ್ನು ಕೂಗುತ್ತಿದ್ದರು. ಸಾಕು ಕಣೋ, ಇಳಿ ಎಂದೆ. ಉಳಿದ ಎರಡು ಖಾನೆಗಳಲ್ಲಿ ಐವತ್ತು, ಐವತ್ತೊಂದು ಎಂದು ನಾನೇ ತುಂಬಿದೆ. ಡಾಕ್ಟರು ಸುತ್ತು ಹಾಕಿದ ಮೇಲೆ ಹೇಳಲು ಬಾಯಿ ಬರಲಿಲ್ಲ, ಆಮೇಲೆ ದಿನ ಕಳೆದಂತೆ ಇನ್ನೂ ಬರಲಿಲ್ಲ. ಇಷ್ಟು ದಿನ ಯಾರಿಗೂ ಹೇಳಿಲ್ಲ. ಇದನ್ನು ನೀನು ಭಾವನಿಗೆ ಓದಿ ಹೇಳು. ಮೀನಿಗೂ.