ಅವ್ವನ ಮುಖದ ಹಳದಿ

ಅವ್ವಾ,

ಮೇಚೇರಿ ಸಂತೆಯಿಂದ ಅಪ್ಪ ಕುರಿ ಹೊಡೆದುಕೊಂಡು ಬಂದಾಗಲೆಲ್ಲ ನಿನ್ನದು ಒಂದೇ ಮಾತು: "ಸಂತೆ ತುಂಬ ಕುರಿ ಇದ್ರೂ ತನ್ ಕುರಿ ಮೊಗ ಗುರ್ತು ಇಡೀತಾನೆ ಈ ಮನ್ಸ. ನನ್ ಮೊಗ ಒಂದಿನ ನೆಟ್ಟಗೆ ನೋಡ್ಲಿಲ್ಲ." ನಾವು ನಗುತ್ತಿದ್ದೆವು. ಅಪ್ಪ ಕೇಳಿಸದವರಂತೆ ಬೀಡಿ ಹಚ್ಚುತ್ತಿದ್ದರು. ಅದು ಬರೀ ತಮಾಷೆಯಲ್ಲ ಎಂದು ನನಗೆ ಹೊಳೆದದ್ದು ಯಾವಾಗ? ನೀನು ಹೋದ ಮೇಲೆ.

ಸೇಲಂನಲ್ಲಿ ಫೋಟೊ ಪ್ರಿಂಟ್ ಹಾಕುವ ಕಲರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು ಅಂದಾಗ ನೀನು ಕೇಳಿದ್ದೆ, "ಬಣ್ಣ ನೋಡೋದೂ ಒಂದ್ ವೇಲೆಯಾ?" ಕೆಲಸವೇ ಅವ್ವಾ, ಕಣ್ಣು ಕೀಳುವ ಕೆಲಸ. ಈಗ ಲ್ಯಾಬಿನ ಯಜಮಾನರು, ನಮ್ಮ ಮೊದಲಾಳಿ, ಒಂದು ಲ್ಯಾಪ್‌ಟಾಪ್ ತಂದಿದ್ದಾರೆ. ಅದರ ಪರದೆಯಷ್ಟು ಸುಳ್ಳುಬುರುಕ ಇನ್ನೊಂದಿಲ್ಲ. ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಕಪ್ಪಗಿದ್ದವರು ಬೆಳ್ಳಗಾಗುತ್ತಾರೆ, ಮುಂದಕ್ಕೆ ತಂದರೆ ಮದುಮಗಳ ಮುಖವೂ ಮಸಿ. ಅದಕ್ಕೇ ಪರದೆಯನ್ನು ಒಂದೇ ಓರೆಯಲ್ಲಿ ನಿಲ್ಲಿಸಿ, ಬೂದುಬಣ್ಣದ ಕಾರ್ಡೊಂದನ್ನು ಪಕ್ಕದಲ್ಲಿಟ್ಟು, ಪರದೆಯ ಬೂದು ಅದರಂತೆಯೇ ಕಾಣುವವರೆಗೆ ಕೆಂಪು, ಹಸಿರು, ನೀಲಿಗಳನ್ನು ತಿದ್ದಬೇಕು. ಆ ತಿದ್ದುಪಡಿಯನ್ನು ಪ್ರೊಫೈಲ್ ಎಂದು ಉಳಿಸಿಟ್ಟರೆ ಆಮೇಲೆ ಯಂತ್ರ ನಿಜ ಬಣ್ಣ ತೋರಿಸುತ್ತದೆ.

ವರ್ಷದ ತಿಥಿಗೆ ನಿನ್ನ ಪಟ ಬೇಕಿತ್ತು. ಇದ್ದದ್ದು ನಾನು ತೆಗೆದ ಒಂದೇ ಫೋಟೊ, ಬಾಗಿಲ ಬಳಿ ನೀನು ಕೂದಲು ಒಣಗಿಸುತ್ತ ನಿಂತದ್ದು. ಪರದೆಗೆ ತಂದರೆ ಮುಖ ಹಳದಿ. ಪರದೆಯದೇ ತಪ್ಪೆಂದು ಮತ್ತೆ ತಿದ್ದಿದೆ, ಕಾರ್ಡು ಬದಲಿಸಿ ನೋಡಿದೆ. ಸೀರೆ ಸರಿ, ಗೋಡೆಯ ಸುಣ್ಣ ಸರಿ, ನಿನ್ನ ಮುಖ ಮಾತ್ರ ಹಳದಿ. ಕೊನೆಗೆ ಪರದೆಯನ್ನು ನಂಬದೆ ಆ ಹಳದಿಯನ್ನೇ ತೆಗೆದುಹಾಕಿದೆ. ದಿನವೂ ನಿನ್ನೆದುರು ಊಟಕ್ಕೆ ಕೂತವಳಿಗೆ ನಿನ್ನ ಬಣ್ಣ ನೆನಪಿಲ್ಲ ಅಂದರೆ, ಅವ್ವಾ, ಇಷ್ಟು ವರ್ಷ ನಾನು ನೋಡಿದ್ದಾದರೂ…

ಪಟವನ್ನು ಊರಿಗೆ ಒಯ್ದಾಗ ಅಪ್ಪ ಜಗಲಿಯಲ್ಲಿದ್ದರು. ಒಮ್ಮೆ ನೋಡಿದರು, ಎದ್ದು ಬಿಸಿಲಿಗೆ ಹಿಡಿದು ಮತ್ತೆ ನೋಡಿದರು.

"ನಿಮ್ಮವ್ವನೇ. ಆದ್ರೆ ಅರಿಸ್ನ ಎಲ್ಲಮ್ಮಾ ಓಯ್ತು?"

"ಯಾವ ಅರಿಸಿನ ಅಪ್ಪಾ?"

"ಶುಕ್ರವಾರ ಮೊಗಕ್ಕೆ ಅಚ್ಕೊಂತಿದ್ಲಲ್ಲ. ಎಡಗಿವಿ ಅತ್ರ ಸರಿಯಾಗಿ ತೊಳೀತಾನೇ ಇರ್ಲಿಲ್ಲ. ಅಲ್ಲಿ ಒಸಿ ಜಾಸ್ತಿ ನಿಂತ್ಕೊಂತಿತ್ತು."

ಸೇಲಂಗೆ ಮರಳಿ ಮೂಲ ಫೋಟೊ ತೆರೆದೆ. ಎಡಗಿವಿಯ ಹತ್ತಿರ ಹಳದಿ ನಿಜವಾಗಿಯೂ ಗಾಢವಾಗಿತ್ತು. ಪರದೆ ಮೊದಲಿನಿಂದಲೂ ಸರಿಯಾಗಿಯೇ ತೋರಿಸುತ್ತಿತ್ತು. ಏನನ್ನೂ ತಿದ್ದದೆ ಹೊಸ ಪಟ ಮಾಡಿಸಿದೆ.

ತಿಥಿಯ ದಿನ ಚಿಕ್ಕಮ್ಮ ಪಟಕ್ಕೆ ಹಾರ ಹಾಕಿದರು. ಅಪ್ಪ ಎದ್ದು ಹೋಗಿ, ನಿನ್ನ ಎಡಗೆನ್ನೆ ಮುಚ್ಚದ ಹಾಗೆ ಹೂವನ್ನು ಪಕ್ಕಕ್ಕೆ ಸರಿಸಿ ಬಂದು ಕೂತರು.

ಅವರು ನೋಡುತ್ತಿದ್ದರು, ಅವ್ವಾ. ನೀನು ಒಲೆಯ ಕಡೆ ತಿರುಗಿದ್ದಾಗ ನೋಡುತ್ತಿದ್ದರೇನೋ, ನಿನಗೆ ಗೊತ್ತಾಗಲೇ ಇಲ್ಲ.

ನಿನ್ನ ಮಗಳು