ಪಪ್ಪ ಒತ್ತದ ಗುಂಡಿ

8 ನವೆಂಬರ್, ಶನಿವಾರ. ಬೆಳಿಗ್ಗೆ 8.15
ಎರಡನೇ ಶನಿವಾರ, ರಜೆ. ಬಟ್ಟೆ ಮಷಿನ್‌ಗೆ ಹಾಕಿ, ಚಹಾ ಹಿಡಿದುಕೊಂಡು ಹಾಲ್‌ಗೆ ಬಂದೆ. ಪಪ್ಪನ ಹವಳದ ಟ್ಯಾಂಕಿನ ನೀರು ಬಿಳಿ. ಹಾಲು ಸುರಿದ ಹಾಗೆ. ಒಳಗೆ ಏನೂ ಕಾಣಿಸುತ್ತಿಲ್ಲ. ನನ್ನ ತಮ್ಮ ಜಯೇಶನಿಗೆ ಫೋನ್ ಮಾಡಿದೆ. ಐರೋಲಿಯಿಂದ ಹೊರಟಿದ್ದಾನೆ.

ಅದೇ ದಿನ, ಮಧ್ಯಾಹ್ನ 3.00
ಅರ್ಧಕ್ಕರ್ಧ ನೀರು ಬದಲಿಸಿದ್ದಾಯಿತು. ಸೊಂಟ ಹಿಡಿದುಕೊಂಡಿದೆ.
ಹವಳ ಬೆಳೆಯಲು ಒಂದು ಕ್ಷಾರ ದ್ರಾವಣ ಬೇಕು. ಅದನ್ನು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬಿಡಲೆಂದೇ ಜಯೇಶ ಡೋಸಿಂಗ್ ಪಂಪು ಕೂರಿಸಿಕೊಟ್ಟಿದ್ದ. ಹತ್ತು ದಿನ ಬರಬೇಕಾದ ದ್ರಾವಣ ಒಂದೇ ಸಲ ಟ್ಯಾಂಕಿಗೆ ಹೋಗಿದೆ. ಡಬ್ಬ ಖಾಲಿ.
“ಮ್ಯಾನ್ಯುಯಲ್ ಬಟನ್ ಯಾರೋ ಒತ್ತಿದ್ದಾರೆ ಅಕ್ಕ,” ಎಂದ ಜಯೇಶ. “ಒಮ್ಮೆ ಒತ್ತಿದ್ರೆ ಚಾಲೂ. ಮತ್ತೆ ಒತ್ತುವ ತನಕ ನಿಲ್ಲೋದಿಲ್ಲ.”
ಎಲ್ಲರೂ ಪಪ್ಪನ ಕಡೆ ನೋಡಿದೆವು. ನಾನೂ.
“ನಾನು ಒತ್ಲಿಲ್ಲ,” ಎಂದರು ಪಪ್ಪ.
“ಹೋದ ತಿಂಗಳು ಗ್ಯಾಸ್ ಉರೀಲಿಕ್ಕೆ ಬಿಟ್ಟು ಕೆಳಗೆ ಹೋಗಿದ್ರಲ್ಲ, ಆಗ್ಲೂ ನಿಮಗೆ ನೆನಪಿರ್ಲಿಲ್ಲ,” ಎಂದಳು ಅಮ್ಮ.
ಪಪ್ಪ ಎದ್ದು ಕೋಣೆಗೆ ಹೋದರು.

13 ನವೆಂಬರ್, ಗುರುವಾರ
ಹನ್ನೊಂದು ಹವಳಗಳಲ್ಲಿ ಎಂಟು ಹೋದವು. ಮೈ ಸುಲಿದು ಬಿಳಿ ಎಲುಬು ಮಾತ್ರ ಉಳಿದಿದೆ. ಮೀನುಗಳು ಬದುಕಿವೆ.
ಪಪ್ಪ ತಮ್ಮ ಕುರ್ಚಿಯನ್ನು ಟ್ಯಾಂಕಿನ ಎದುರಿನಿಂದ ಎತ್ತಿ ಬಾಲ್ಕನಿಯಲ್ಲಿಟ್ಟಿದ್ದಾರೆ. ದಿನವಿಡೀ ರಸ್ತೆ ನೋಡುತ್ತಾರೆ. ಠಾಣೆಯ ಹೋಟೆಲಿನಲ್ಲಿ ಮೂವತ್ತಾರು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಊರಿನವರನ್ನೆಲ್ಲ ಮಾತಾಡಿಸಿದ ಮನುಷ್ಯ. ನಿವೃತ್ತಿಯಾದ ಮೇಲೆ ಈ ಟ್ಯಾಂಕೇ ಅವರ ಹೋಟೆಲು, ಈ ಮೀನುಗಳೇ ಗಿರಾಕಿಗಳು. ಈಗ ಮೀನಿಗೆ ಆಹಾರ ಹಾಕುವುದೂ ನಾನೇ. “ನನ್ನ ಕೈ ಬೇಡ,” ಅನ್ನುತ್ತಾರೆ.
ಅಮ್ಮ ಮರೆವಿನ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ, 20ಕ್ಕೆ. ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು, “ನನಗೆ ಹೆದರಿಕೆ ಆಗ್ತದೆ ರಮಿತಾ.” ಅವಳ ಮೇಲೆ ಸಿಟ್ಟು ಮಾಡುವುದು ಹೇಗೆ?

15 ನವೆಂಬರ್, ಶನಿವಾರ. ಸಂಜೆ
ನನಗೆ ನಾನೇ ಬೈದುಕೊಂಡೆ. ಮಹಾಪೆಯಲ್ಲಿ ನನ್ನ ಕೆಲಸವೇ ಯುಪಿಎಸ್ ಟೆಸ್ಟಿಂಗ್. ಯಾವ ಯಂತ್ರ, ಯಾವಾಗ, ಎಷ್ಟು ಕರೆಂಟು ತಿನ್ನುತ್ತದೆ — ಹದಿನಾಲ್ಕು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ. ಮನೆಯ ಪಂಪಿನ ಮಟ್ಟಿಗೆ ಇದು ಹೊಳೆಯಲು ಒಂದು ವಾರ ಬೇಕಾಯಿತು!
ಪಂಪು ಓಡಿದರೆ ಕರೆಂಟು ತಿನ್ನಲೇಬೇಕು. ವ್ಯಾಟ್ ಅಳೆಯುವ ಸ್ಮಾರ್ಟ್ ಪ್ಲಗ್ ತಂದು ಪಂಪನ್ನು ಅದಕ್ಕೆ ಸಿಕ್ಕಿಸಿದೆ. ಸುಮ್ಮನಿದ್ದಾಗ 1 ವ್ಯಾಟ್. ಓಡುವಾಗ 5. ಗಂಟೆಗೆ ಒಂದೇ ನಿಮಿಷ. ಮೊಬೈಲಿನಲ್ಲಿ ನೋಡಿದರೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಕಾಣುತ್ತದೆ.
ಡಬ್ಬದಲ್ಲಿ ಈಗ ಬರೀ ನೀರು. ಪಂಪಿನ ಕೊಳವೆಯ ತುದಿ ಖಾಲಿ ಬಕೆಟಿನಲ್ಲಿ. ಟ್ಯಾಂಕಿಗೆ ಬೇಕಾದ್ದನ್ನು ನಾನೇ ಅಳೆದು ಹಾಕುತ್ತೇನೆ.
ಫೋನಿನಲ್ಲಿ ಜಯೇಶ ನಕ್ಕ. “ಅಕ್ಕ, ತೂ ಭೀ ನಾ, ನೀನೂ ಒಬ್ಬಳು... ಪಂಪು ಸರಿಯಾಗೇ ಇದೆ.”
ಇರಬಹುದು. ನೋಡೋಣ.

20 ನವೆಂಬರ್, ಗುರುವಾರ. ಮಧ್ಯಾಹ್ನ 2.30
ಊಟ ಇನ್ನೂ ಆಗಿಲ್ಲ. ಆದರೂ ಬರೆಯಬೇಕು.
ಬೆಳಿಗ್ಗೆ ಮೂವರೂ ಡಾಕ್ಟರರ ಬಳಿ ಹೋಗಿದ್ದೆವು. ಮನೆಗೆ ಬೀಗ. “ಸ್ವಲ್ಪ ಮರೆವು ಉಂಟು, ವಯಸ್ಸಿಗೆ ತಕ್ಕಷ್ಟು. ಆರು ತಿಂಗಳು ಬಿಟ್ಟು ಬನ್ನಿ,” ಎಂದರು ಡಾಕ್ಟರು. ಒಂದು ಗಂಟೆಗೆ ವಾಪಸು ಬಂದರೆ ಪಂಪು ಗುರ್‌ಗುಡುತ್ತಿತ್ತು. ಡಬ್ಬ ಖಾಲಿ, ನೀರೆಲ್ಲ ಬಕೆಟಿನಲ್ಲಿ. ಮೊಬೈಲು ತೆಗೆದು ನೋಡಿದೆ. 11.22ರವರೆಗೆ ಬಾಚಣಿಗೆಯ ಹಲ್ಲು. ಅಲ್ಲಿಂದ ಮುಂದೆ ಗೋಡೆ. ನಾನು ಪ್ಲಗ್ ಕೀಳುವ ತನಕ 5 ವ್ಯಾಟ್, ಒಂದೇ ಸಮ.
ಕೆಳಗೆ ಓಡಿದೆ. ವಾಚ್‌ಮ್ಯಾನ್ ಹೇಳಿದ, “ಹಾ ದೀದಿ, ಸವಾ ಗ್ಯಾರಾ ಕೆ ಬಾದ್ ಲೈಟ್ ಗಯಾ ಥಾ. ದೋ ಸೆಕೆಂಡ್.” ಹನ್ನೊಂದೂ ಕಾಲರ ನಂತರ ಎರಡು ಸೆಕೆಂಡು ಕರೆಂಟು ಹೋಗಿತ್ತಂತೆ.
ಪಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.
“ಇದು ಶುರುವಾದದ್ದು ಎಷ್ಟು ಗಂಟೆಗೆ?”
“ಹನ್ನೊಂದು ಇಪ್ಪತ್ತೆರಡಕ್ಕೆ.”
“ಆಗ ಡಾಕ್ಟರು ನನ್ನ ಹತ್ರ ನೂರರಿಂದ ಏಳೇಳು ಕಳೆಸ್ತಾ ಇದ್ರು.”
“ಹೌದು ಪಪ್ಪ. ಅರವತ್ತೈದರ ತನಕ ಒಂದೂ ತಪ್ಪಲಿಲ್ಲ ನೀವು.”
ಮೊಬೈಲು ನನ್ನ ಕೈಗೆ ಕೊಟ್ಟರು. “ಗ್ಯಾಸ್ ಬಿಟ್ಟದ್ದು ನಾನೇ. ಅದು ಹೌದು. ಇದು ನಾನಲ್ಲ.”
ಆಮೇಲೆ ಕನ್ನಡಕ ತೆಗೆದು, “ನೀವೆಲ್ಲ ಹೇಳಿದ ಮೇಲೆ ನನಗೂ ಒತ್ತಿದ ನೆನಪು ಬರ್ಲಿಕ್ಕೆ ಶುರುವಾಗಿತ್ತು ಮಗಾ. ಬೆರಳಿಗೆ ಗುಂಡಿ ತಾಗಿದ ಹಾಗೆ...”
ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆಯ ಮುಚ್ಚಳ ಹಿಡಿದು ನಿಂತಿದ್ದಳು. ಅದನ್ನು ಅಲ್ಲೇ ಇಟ್ಟಳು. ಬಾಲ್ಕನಿಗೆ ಹೋಗಿ ಕುರ್ಚಿ ಎತ್ತಿ ತಂದು ಟ್ಯಾಂಕಿನ ಎದುರು ಇಟ್ಟಳು.

23 ನವೆಂಬರ್, ಭಾನುವಾರ
ಜಯೇಶನ ಎದುರಿಗೇ ಸ್ವಿಚ್ಚು ಆರಿಸಿ ಹಾಕಿ, ಆರಿಸಿ ಹಾಕಿ ಮಾಡಿದೆ. ಎಂಟು ಸಲ ಏನೂ ಆಗಲಿಲ್ಲ. ಒಂಬತ್ತನೇ ಸಲ ಪಂಪು ತಾನಾಗಿ ಓಡತೊಡಗಿತು, ನಿಲ್ಲಲೇ ಇಲ್ಲ. ಕರೆಂಟು ಚೂರು ಹೋಗಿ ಬಂದರೆ ಅದರ ತಲೆ ಕೆಡುತ್ತದೆ.
ಅವನು ಪಪ್ಪನ ಹತ್ತಿರ ಹೋಗಿ ಕೂತ. “ಪಪ್ಪ, ಸಾರಿ. ಮೈನೇ ಹೀ ಪೆಹಲೇ...” ಮೊದಲು ಹಾಗೆ ಹೇಳಿದ್ದು ತಾನೇ ಅಂತ; ಕ್ಷಮೆ ಕೇಳುವಾಗ ಅವನಿಗೆ ಹಿಂದಿಯೇ ಬರುವುದು.
“ಆಯ್ತು ಬಿಡು. ಈಗ ಎಂತ ಮಾಡುವುದು ಹೇಳು.”
“ಹೊಸ ಪಂಪು ತರ್ತೇನೆ.”
“ಹೊಸದು ಹೀಗೆ ಮಾಡೋದಿಲ್ಲ ಅಂತ ಯಾರು ಹೇಳಿದ್ರು?”
ಸರಿಯಾದ ಪ್ರಶ್ನೆ.

30 ನವೆಂಬರ್, ಭಾನುವಾರ. ಸಂಜೆ
ಹೊಸ ಪಂಪು ಬಂತು. ಅದರ ಮೇಲೆ ಕಾವಲಿಗೆ ಪ್ಲಗ್. ಪ್ಲಗ್‌ನ ಒಳಗೇ ನಿಯಮ ಬರೆದಿದ್ದೇನೆ, ವೈ-ಫೈ ಇಲ್ಲದಿದ್ದರೂ ನಡೆಯಬೇಕು: 3 ವ್ಯಾಟ್‌ಗಿಂತ ಹೆಚ್ಚು, ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದರೆ ಕರೆಂಟು ಕಟ್. ತಾನಾಗಿ ಮತ್ತೆ ಚಾಲೂ ಆಗಬಾರದು, ಮನುಷ್ಯರೇ ಬಂದು ನೋಡಿ ಹಾಕಬೇಕು. ದ್ರಾವಣ ಒಂದು ದಿನ ಕಡಿಮೆಯಾದರೆ ಹವಳ ತಡೆದುಕೊಳ್ಳುತ್ತದೆ. ಹೆಚ್ಚಾದರೆ ಇಲ್ಲ.
ಬಕೆಟಿನಲ್ಲಿ ಹತ್ತು ಸಲ ಪರೀಕ್ಷೆ. ಪಪ್ಪ ವಾಚು ಹಿಡಿದು ಎಣಿಸಿದರು. ಹತ್ತೂ ಸಲ ನಿಂತಿತು.
ಅಷ್ಟರಲ್ಲಿ ಅಮ್ಮ, “ಅಷ್ಟು ದೊಡ್ಡ ಡಬ್ಬ ಯಾಕೆ? ಎರಡು ದಿನಕ್ಕೆ ಬೇಕಾದಷ್ಟೇ ಇಟ್ರೆ, ಪೂರ್ತಿ ಸುರಿದ್ರೂ ಸಾಯ್ಲಿಕ್ಕಿಲ್ಲ ಅಲ್ವಾ?” ಎಂದಳು.
ನಾನು ತಮ್ಮನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರೂ ಇಂಜಿನಿಯರುಗಳು!
ಉಪ್ಪಿನಕಾಯಿಯ ಚಿಕ್ಕ ಬಾಟಲಿ ತೊಳೆದು ಒರೆಸಿ ಕೊಟ್ಟಳು. “ಎರಡು ದಿನಕ್ಕೊಮ್ಮೆ ತುಂಬಿಸೋದು ನಿಮ್ಮ ಕೆಲಸ,” ಎಂದಳು ಪಪ್ಪನಿಗೆ. ಅದು ಅವಳ ಕ್ಷಮೆ ಕೇಳುವ ರೀತಿ ಇರಬೇಕು. ಪಪ್ಪನಿಗೆ ಅರ್ಥವಾಯಿತು ಅನಿಸುತ್ತದೆ. ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

19 ಡಿಸೆಂಬರ್, ಶುಕ್ರವಾರ. ಆಫೀಸು, 3.50
ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಿರಲಿಲ್ಲ, ಅದೇ ಸಂತೋಷ.
ಈಗಷ್ಟೇ ಮೊಬೈಲಿಗೆ ಪ್ಲಗ್‌ನ ಮೆಸೇಜು ಬಂತು. ಪಂಪು ಕಟ್. ಮನೆಗೆ ಫೋನ್ ಮಾಡಿದೆ. ಪಪ್ಪ ಎತ್ತಿದರು. ನಗುತ್ತಿದ್ದರು!
“ರಮಿತಾ, ಈ ಸಲ ನಾನೇ ಮಾರಾಯ್ತಿ! ಧೂಳು ಒರೆಸುವಾಗ ಗುಂಡಿ ಒತ್ತಿಹೋಯ್ತು, ಗೊತ್ತೇ ಆಗ್ಲಿಲ್ಲ. ನೋಡ್ತೇನೆ, ಪಂಪು ನಿಂತಿದೆ. ನೀರಿನ ಕ್ಷಾರ ಟೆಸ್ಟ್ ಮಾಡಿದೆ. ಎಂಟು ಉಂಟು. ಎಂಟೇ ಇರ್ಬೇಕಲ್ವಾ?”
“ಹೌದು ಪಪ್ಪ, ಎಂಟೇ.”
“ಹಾಗಾದ್ರೆ ಪ್ಲಗ್ ಹಾಕ್ತೇನೆ. ನೀನು ನಿನ್ನ ಕೆಲಸ ನೋಡು.”
ಫೋನ್ ಇಟ್ಟು ವಾಶ್‌ರೂಮಿಗೆ ಹೋಗಿ ಮುಖ ತೊಳೆದೆ. ತಪ್ಪು ಮಾಡಿ ನಗುವಷ್ಟು ಧೈರ್ಯ ಅವರಿಗೆ ಬಂದಿದೆ. ನಾನು ಬರೆದ ನಿಯಮಕ್ಕೆ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

11 ಜನವರಿ, ಭಾನುವಾರ. ಬೆಳಿಗ್ಗೆ 9.10
ಉಳಿದ ಮೂರೂ ಹವಳ ಅರಳಿವೆ. ಅದರಲ್ಲೊಂದು ಸತ್ತ ಬಿಳಿ ಎಲುಬಿನ ಮೇಲೇ ಹಬ್ಬುತ್ತಿದೆ, ಹಸಿರು ಅಂಚು ಕಟ್ಟಿಕೊಂಡು. ಕಲ್ಯಾಣದ ಅಂಗಡಿಯಲ್ಲಿ ಹೊಸ ತುಂಡುಗಳು ಬಂದಿವೆಯಂತೆ. ಪಪ್ಪ ತಾವೇ ಫೋನ್ ಮಾಡಿ ವಿಚಾರಿಸಿದ್ದಾರೆ.
ಅಮ್ಮನೂ ಹೊರಟಿದ್ದಾಳೆ. “ನೇರಳೆ ಬಣ್ಣದ್ದು ತೆಗೊಳ್ಳುವ.”
“ಹವಳ ಅಂದ್ರೆ ಸೀರೆಯಾ?” ಎಂದರು ಪಪ್ಪ.
“ನೋಡುವವಳು ನಾನಲ್ವಾ ದಿನಾ?”
ಹೌದು, ಈಗ ಅಲ್ಲಿ ಎರಡು ಕುರ್ಚಿ. 9.41ರ ಸ್ಲೋ ಲೋಕಲ್ ರೈಲು ಹಿಡಿಯಬೇಕು. ಪಪ್ಪ ಆಗಲೇ ಬೂಟು ಹಾಕಿ, ಥರ್ಮಾಕೋಲ್ ಡಬ್ಬ ಹಿಡಿದು ಬಾಗಿಲಲ್ಲಿ ನಿಂತು ಅವಸರಪಡಿಸುತ್ತಿದ್ದಾರೆ. ನಾನು ಇಷ್ಟು ಬರೆದು ಮುಗಿಸುವಷ್ಟರಲ್ಲಿ ಲಿಫ್ಟನ್ನೂ ಕರೆಸಿದ್ದಾರೆ. ಹೊರಟೆ.